ಆ ತಸ್ಬೀರು ಯಾರದು?

“ಅಕ್ಕಾರ, ಆ ಫೋಟೋ ಯಾರದಂತ ಒಬ್ಬರರ ಬಾಯಿಬಿಟ್ಟು ಕೇಳಬಾರದೇನ್ರೀ?”

ಪಕ್ಕದಲ್ಲಿ ಚಾಪೆ ಹಾಸಿ ಕೂತಿದ್ದ ಹೆಣ್ಣುಮಗಳು ನನ್ನ ಮೊಣಕೈ ತಿವಿದು ಹೀಗೆ ಕೇಳಿದಾಗ ರಾತ್ರಿ ಒಂದು ದಾಟಿತ್ತು. ಗೋವಾದ ಫೋಂಡಾ ತಾಲ್ಲೂಕಿನ ಒಂದು ಊರಿನ ದೇವಸ್ಥಾನದ ಅಂಗಳ. ಜಾತ್ರೆಯ ಪಾಲಕಿ ಸುತ್ತು ಮುಗಿಸಿ ಒಳಗೆ ಹೋಗಿ ಬಹಳ ಹೊತ್ತಾಗಿತ್ತು. ದೀಪಸ್ತಂಭದ ಆಚೆ ಖಾಜೆ ಮಾರುವವರ ಸಾಲು, ಬೆಲ್ಲ ಶುಂಠಿಯ ವಾಸನೆ, ನಿದ್ದೆ ಬಾರದ ಮಕ್ಕಳ ಪೀಪಿಯ ಸದ್ದು. ಈಚೆ ಹಲಗೆ ಜೋಡಿಸಿ ಕಟ್ಟಿದ ರಂಗ, ಬಾಡಿಗೆಗೆ ತಂದ ಪರದೆ, ಕಾಲಿನಿಂದ ತುಳಿಯುವ ಆರ್ಗನ್ನು, ತಬಲಾ. ರಂಗದ ಮೇಲೆ ಒಬ್ಬ ಗೃಹಸ್ಥ ಹೆಂಡತಿಯ ಕೈಯಿಂದ ಒಂದು ಚಿತ್ರಪಟ ಕಸಿದುಕೊಂಡು ನಡುಗುತ್ತಿದ್ದ. ಅಂಗಳಕ್ಕೆ ಅಂಗಳವೇ ನಗುತ್ತಿತ್ತು.

ಆಕೆ ಬಾಗಲಕೋಟೆ ಕಡೆಯವಳು. ಗಂಡ ಗೌಂಡಿ, ಹನ್ನೊಂದು ವರ್ಷದಿಂದ ಆ ಊರಿನಲ್ಲೇ ಮನೆ ಕಟ್ಟುವ ಕೆಲಸ. ಕೊಂಕಣಿ ಬಾಯಿಗೆ ಬಂದಿದೆ, ಮರಾಠಿ ಟೀವಿ ಧಾರಾವಾಹಿಗಳಿಂದ ಕಿವಿಗೆ ಬಿದ್ದಿದೆ. ಮಡಿಲಲ್ಲಿ ಆರೇಳು ವರ್ಷದ ಮಗಳು. ನನ್ನ ಚೀಲದ ಮೇಲಿದ್ದ ಧಾರವಾಡದ ಅಂಗಡಿಯ ಹೆಸರು ಓದಿ ಪಕ್ಕಕ್ಕೆ ಬಂದು ಕೂತವಳು. “ಕೇಳಿದ್ರ ನಾಟಕ ಇಲ್ಲಿಗೇ ಮುಗೀತಿತ್ತಲ್ರೀ” ಎಂದು ತಾನೇ ಉತ್ತರ ಕೊಟ್ಟುಕೊಂಡು ಮತ್ತೆ ರಂಗದ ಕಡೆ ತಿರುಗಿದಳು. ಈ ನಾಟಕದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸಲೀಸಾಗಿ ಅದರ ಹುರಿಯನ್ನು ಹಿಡಿದಿರಲಿಲ್ಲ.

ನಾಟಕದ ಹೆಸರು ‘ಸಂಗೀತ ಸಂಶಯಕಲ್ಲೋಳ’. ಬರೆದವರು ಗೋವಿಂದ ಬಲ್ಲಾಳ ದೇವಲ. ಕಲ್ಲೋಲ ಎಂದರೆ ನಮಗೆ ದೊಡ್ಡ ಅಲೆ. ಮರಾಠಿಯಲ್ಲಿ ಅದಕ್ಕೆ ಗದ್ದಲ, ಕೋಲಾಹಲ ಎಂಬ ಅರ್ಥವೂ ಸೇರಿಕೊಂಡಿದೆ. ಎರಡೂ ಅರ್ಥ ಈ ನಾಟಕಕ್ಕೆ ಒಪ್ಪುತ್ತವೆ. ಮದುವೆ, ಗುಟ್ಟು, ಹೆತ್ತವರ ಹೆಸರು ಇವು ಮೂರೂ ಒಂದಕ್ಕೊಂದು ಸುತ್ತಿಕೊಂಡ ಒಂದು ಹಳೆಯ ವಿನೋದ ನಾಟಕ ನೋಡಬೇಕೆಂದು ಯಾರಾದರೂ ಕೇಳಿದರೆ ನಾನು ಎರಡನೇ ಮಾತಿಲ್ಲದೆ ಇದನ್ನೇ ಹೇಳುತ್ತೇನೆ. ಅದನ್ನೂ ಗೋವಾದಲ್ಲಿ ನೋಡಿ ಎನ್ನುತ್ತೇನೆ. ಕಾರಣ ಮುಂದೆ ತಿಳಿಯುತ್ತದೆ.

ಕಥೆ ಹೀಗಿದೆ. ರೇವತಿ ಎಂಬ ಹುಡುಗಿ ಅಶ್ವಿನಶೇಠನನ್ನು ಪ್ರೀತಿಸುತ್ತಾಳೆ. ಅವನ ತಸ್ಬೀರು, ಅಂದರೆ ಚಿತ್ರಪಟ, ಅವಳ ಬಳಿ ಇದೆ. ಒಂದು ದಿನ ಬೀದಿಯಲ್ಲಿ ಅವಳಿಗೆ ತಲೆ ಸುತ್ತಿ ಬರುತ್ತದೆ. ಆ ಹೊತ್ತಿಗೆ ಅಲ್ಲಿದ್ದ ಫಾಲ್ಗುಣರಾವ್ ಎಂಬ ನಡುವಯಸ್ಸಿನ ಗೃಹಸ್ಥ ಅವಳಿಗೆ ಆಸರೆಯಾಗಿ ಹಿಡಿದುಕೊಳ್ಳುತ್ತಾನೆ. ಅದನ್ನು ಅವನ ಹೆಂಡತಿ ಕೃತ್ತಿಕಾ ನೋಡುತ್ತಾಳೆ. ಗಡಿಬಿಡಿಯಲ್ಲಿ ಬಿದ್ದ ತಸ್ಬೀರು ಕೃತ್ತಿಕೆಯ ಕೈಸೇರುತ್ತದೆ. ಗಂಡ ಬಂದು ನೋಡಿದರೆ ಹೆಂಡತಿ ಯಾರೋ ಚೆಲುವನ ಚಿತ್ರ ಹಿಡಿದು ನಿಂತಿದ್ದಾಳೆ. ಅವನು ಕಸಿದುಕೊಳ್ಳುತ್ತಾನೆ. ಅದು ಅವನ ಕೈಯಲ್ಲಿರುವುದನ್ನು ಅಶ್ವಿನಶೇಠ್ ಕಾಣುತ್ತಾನೆ: ತಾನು ರೇವತಿಗೆ ಕೊಟ್ಟದ್ದು ಈ ಪರಪುರುಷನ ಕೈಗೆ ಹೇಗೆ ಬಂತು? ಅಲ್ಲಿಂದ ಮುಂದೆ ಪ್ರತಿಯೊಬ್ಬರೂ ಮತ್ತೊಬ್ಬರನ್ನು ನೋಡಬಾರದ ಗಳಿಗೆಯಲ್ಲಿ ನೋಡುತ್ತ ಹೋಗುತ್ತಾರೆ. ಯಾರೂ ತಪ್ಪು ಮಾಡಿರುವುದಿಲ್ಲ. ಎಲ್ಲರೂ ಕಣ್ಣಾರೆ ಕಂಡಿರುತ್ತಾರೆ. ಈ ನಾಟಕದಲ್ಲಿ ಗುಟ್ಟು ಎಂದರೆ ಮಾಡಿದ ಪಾಪವಲ್ಲ. ಕೇಳದೆ ಹೊಟ್ಟೆಯಲ್ಲಿಟ್ಟುಕೊಂಡ ಅನುಮಾನ.

ಪಾತ್ರಗಳ ಹೆಸರನ್ನು ಗಮನಿಸಿ. ಅಶ್ವಿನ, ರೇವತಿ, ಕೃತ್ತಿಕಾ, ರೋಹಿಣಿ, ಫಾಲ್ಗುಣ, ವೈಶಾಖ, ಆಳು ಭಾದವ್ಯಾ. ಪಂಚಾಂಗವೇ ಎದ್ದು ರಂಗಕ್ಕೆ ಬಂದಂತಿದೆ. ಮೇಲ್ನೋಟಕ್ಕೆ ಇದು ಆಟ. ನನಗೆ ಮಾತ್ರ ಇದರಲ್ಲಿ ಲೆಕ್ಕಾಚಾರ ಕಾಣುತ್ತದೆ. ಅಶ್ವಿನಿ ಮೊದಲ ನಕ್ಷತ್ರ, ರೇವತಿ ಇಪ್ಪತ್ತೇಳನೆಯದು, ಕಡೆಯದು. ಸಾಲಾಗಿ ಎಣಿಸಿದರೆ ಅವರಿಬ್ಬರ ನಡುವೆ ಆಕಾಶದಷ್ಟು ದೂರ. ಚಕ್ರವಾಗಿ ಎಣಿಸಿದರೆ ಪಕ್ಕಪಕ್ಕದ ಮನೆ. ಕೃತ್ತಿಕೆಯ ಅಧಿದೇವತೆ ಅಗ್ನಿ, ಅವಳ ಗುರುತು ಕ್ಷೌರದ ಕತ್ತಿ. ಫಾಲ್ಗುಣ ಹೋಳಿಯ ತಿಂಗಳು, ಗೋವಾದವರಿಗೆ ಶಿಗ್ಮೊ ತಿಂಗಳು. ಬಣ್ಣ ಎರಚಿಸಿಕೊಂಡೇ ತಿರುಗುವ ಗಂಡನಿಗೆ, ಮಾತು ಮಾತಿಗೆ ಕೊಯ್ಯುವ ಹೆಂಡತಿಗೆ ಇದಕ್ಕಿಂತ ಒಳ್ಳೆಯ ಹೆಸರು ಯಾರು ಇಟ್ಟಾರು?

ಈ ದೇವಲರು ನಮಗೆ ಪರಕೀಯರಲ್ಲ. 1855ರಲ್ಲಿ ಹುಟ್ಟಿದ ಅವರು ಓದಿದ್ದು ಬೆಳಗಾವಿಯಲ್ಲಿ, ಮೇಷ್ಟರಾಗಿ ಪಾಠ ಹೇಳಿದ್ದೂ ಅಲ್ಲಿ. ಅವರ ಗುರು ಅಣ್ಣಾಸಾಹೇಬ ಕಿರ್ಲೋಸ್ಕರರು ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದವರು. 1880ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರರ ‘ಶಾಕುಂತಲ’ ರಂಗಕ್ಕೆ ಬಂದು ಮರಾಠಿ ಸಂಗೀತ ನಾಟಕ ಎಂಬ ದೊಡ್ಡ ಹೊಳೆ ಹರಿಯಿತು. ಆ ಹೊಳೆಯ ಒಂದು ಕವಲು ಕನ್ನಡದ ಕಂಪನಿ ನಾಟಕಗಳಿಗೂ ನೀರು ಹಾಯಿಸಿತು. ಅಂದರೆ ಗೋವಾದ ದೇವಸ್ಥಾನದ ಅಂಗಳದಲ್ಲಿ ನಡುರಾತ್ರಿ ನಗಿಸುತ್ತಿರುವ ಈ ನಾಟಕದ ಬೇರು ಮಲಪ್ರಭೆಯ ದಂಡೆಗೆ ಬಹಳ ದೂರವಿಲ್ಲ.

ದೇವಲರು ಬರೆದದ್ದು ಏಳು ನಾಟಕ. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವರ ಮನಸ್ಸು ಬಿಡದೆ ಸುತ್ತುತ್ತಿದ್ದ ಜಾಗ ಗೊತ್ತಾಗುತ್ತದೆ. 1887ರಲ್ಲಿ ‘ಮೃಚ್ಛಕಟಿಕ’: ಗಣಿಕೆ ವಸಂತಸೇನೆ ಕುಲವಧುವಾಗುವ ಕಥೆ. 1890ರಲ್ಲಿ ‘ಝುಂಜಾರರಾವ್’: ಶೇಕ್ಸ್‌ಪಿಯರನ ಒಥೆಲೋ. ನಮ್ಮಲ್ಲಿ ಬಸವಪ್ಪ ಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ ಎಂದು ಕನ್ನಡಕ್ಕೆ ತಂದ ಅದೇ ನಾಟಕ. ಒಂದು ಕರವಸ್ತ್ರ ಕೈತಪ್ಪಿ ಯಾರದೋ ಕೈ ಸೇರಿದ್ದಕ್ಕೆ ಗಂಡ ಹೆಂಡತಿಯ ಪ್ರಾಣವನ್ನೇ ತೆಗೆಯುವ ಕಥೆ. ಇದಾಗಿ ಮೂರು ವರ್ಷಕ್ಕೆ, 1893ರಲ್ಲಿ, ಅದೇ ದೇವಲರು ಕರವಸ್ತ್ರದ ಜಾಗದಲ್ಲಿ ತಸ್ಬೀರು ಇಟ್ಟು ಹಾಡುಗಳಿಲ್ಲದ ವಿನೋದ ನಾಟಕ ಬರೆದರು. ಒಂದೇ ಕಾಯಿಲೆಗೆ ಮೊದಲು ಸಾವು ತೋರಿಸಿ, ಆಮೇಲೆ ಮದ್ದು ಹುಡುಕಿದರೇನೋ ಎಂದು ನನಗೆ ಅನ್ನಿಸಿದೆ. 1899ರಲ್ಲಿ ‘ಶಾರದಾ’: ಹಣದಾಸೆಗೆ ಎಳೆಯ ಮಗಳನ್ನು ಮುದುಕನಿಗೆ ಧಾರೆಯೆರೆಯಲು ಹೊರಟ ತಂದೆ, ಮುಚ್ಚಿಟ್ಟ ಗೋತ್ರದ ಗುಟ್ಟು ಬಯಲಾಗಿ ನಿಂತುಹೋಗುವ ಮದುವೆ. ಕೊನೆಯಲ್ಲಿ ಹಳೆಯ ತಸ್ಬೀರಿನ ನಾಟಕವನ್ನೇ ಮತ್ತೆ ಕೈಗೆತ್ತಿಕೊಂಡು, ಹಾಡುಗಳನ್ನು ಕೂಡಿಸಿ ‘ಸಂಶಯಕಲ್ಲೋಳ’ ಮಾಡಿದರು. 1916ರ ಜೂನ್‌ನಲ್ಲಿ ತೀರಿಕೊಂಡರು. ಅಕ್ಟೋಬರಿನಲ್ಲಿ ಗಂಧರ್ವ ನಾಟಕ ಮಂಡಳಿ ಅದನ್ನು ರಂಗಕ್ಕೆ ತಂದಾಗ ಅವರಿಗೆ ಆ ನಗು ಕೇಳಿಸಲಿಲ್ಲ.

ಮೂಲ ಕಥೆ ದೇವಲರದಲ್ಲ. ಮೋಲಿಯೇರ್ 1660ರಲ್ಲಿ ಪ್ಯಾರಿಸ್ಸಿನಲ್ಲಿ ಆಡಿದ ‘ಸ್ಗನರೆಲ್’ ಎಂಬ ಒಂದಂಕದ ಪ್ರಹಸನ ಇದರ ಅಜ್ಜ. ಅದನ್ನು 1761ರಲ್ಲಿ ಆರ್ಥರ್ ಮರ್ಫಿ ಲಂಡನ್ನಿನಲ್ಲಿ ‘ಆಲ್ ಇನ್ ದ ರಾಂಗ್’ ಎಂದು ಹಿಗ್ಗಿಸಿ ಬರೆದ. ದೇವಲರ ಕೈಗೆ ಬಂದದ್ದು ಈ ಇಂಗ್ಲಿಷ್ ಅವತಾರ. ಎ.ಎನ್. ಮೂರ್ತಿರಾವ್ ಅವರ ‘ಆಷಾಢಭೂತಿ’ ಓದಿದ ಕನ್ನಡಿಗರಿಗೆ ಮೋಲಿಯೇರ್ ಹೊಸಬನಲ್ಲ. ಮೂಲದಲ್ಲಿ ಹುಡುಗಿಯ ಅಪ್ಪ ಹಣವಂತನ ಮಗನಿಗೇ ಕೊಡುತ್ತೇನೆಂದು ಹಟ ಹಿಡಿದಿರುತ್ತಾನೆ. ಆ ವರ ನಾಲ್ಕು ತಿಂಗಳ ಹಿಂದೆಯೇ ಬೇರೊಬ್ಬಳನ್ನು ಗುಟ್ಟಾಗಿ ಮದುವೆಯಾಗಿದ್ದಾನೆಂದು ಕೊನೆಗೆ ತಿಳಿದು ಗಂಟು ಬಿಚ್ಚುತ್ತದೆ. ಇನ್ನೊಂದು ಸಂಗತಿ ಇದೆ. ಈ ಪ್ರಹಸನ ಬರೆದ ಎರಡು ವರ್ಷಕ್ಕೆ ಮೋಲಿಯೇರ್ ಆರ್ಮಾಂದ್ ಬೇಜಾರ್ ಎಂಬ ನಟಿಯನ್ನು ಮದುವೆಯಾದ. ಅವಳು ಅವನ ಹಳೆಯ ಸಂಗಾತಿ ಮಾದ್ಲೇನಳ ತಂಗಿಯೋ ಮಗಳೋ ಎಂಬ ಪ್ರಶ್ನೆ ಅಂದೇ ಊರ ಬಾಯಲ್ಲಿತ್ತು, ಇಂದಿಗೂ ತೀರ್ಮಾನವಾಗಿಲ್ಲ. ಅನುಮಾನವನ್ನು ನಗೆಯಾಗಿಸಿದವನ ಮನೆಯ ಹೊಸ್ತಿಲಿಗೇ ತಾಯಿ ಯಾರು ಎಂಬ ಅನುಮಾನ ಬಂದು ಕೂತಿತು.

ನಾಟಕದಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿ ಫಾಲ್ಗುಣರಾವ್ ಮತ್ತು ಕೃತ್ತಿಕೆಯ ಸಂಸಾರದ ಮೇಲೆ. ಮೊದಲ ಸಲ ನೋಡಿದಾಗ ಅವರು ಬರೀ ನಗಿಸುವವರು ಎನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಆ ರಾತ್ರಿ ಫಾಲ್ಗುಣರಾವ್ ಆಗಿದ್ದವರು ಊರಿನ ಸಹಕಾರಿ ಸಂಘದಲ್ಲಿ ಗುಮಾಸ್ತರಂತೆ, ಐವತ್ತೈದು ದಾಟಿದವರು. ಹೆಂಡತಿ ಬರುವ ಸದ್ದಾದೊಡನೆ ತಸ್ಬೀರನ್ನು ಅಂಗಿಯೊಳಗೆ ತುರುಕಿ, ಕೈಯನ್ನು ಎದೆಯ ಮೇಲೇ ಒತ್ತಿ ಹಿಡಿದು ನಿಂತರು. ಕೃತ್ತಿಕೆ ಏನನ್ನೂ ಕೇಳಲಿಲ್ಲ. ಅವನ ಅಂಗಿಯ ಮೇಲಿನ ಗುಂಡಿ ಬಿಚ್ಚಿಹೋಗಿತ್ತು. ಹತ್ತಿರ ಬಂದು, ಬೈಯುತ್ತಲೇ, ಆ ಗುಂಡಿ ಹಾಕಿದಳು. ಪಠ್ಯದಲ್ಲಿ ಇದ್ದದ್ದೋ, ತಾಲೀಮಿನಲ್ಲಿ ಹುಟ್ಟಿಕೊಂಡದ್ದೋ ತಿಳಿಯದು. ಜನ ನಕ್ಕರು. ನನಗೆ ಗಂಟಲು ಕಟ್ಟಿತು. ಎಷ್ಟೋ ವರ್ಷ ಒಟ್ಟಿಗೆ ಬಾಳಿದವರ ಜಗಳ ಹೀಗೇ ಇರುತ್ತದೆ. ಬಾಯಿ ಬೈಯುತ್ತದೆ, ಕೈ ಗುಂಡಿ ಹಾಕುತ್ತದೆ.

ಇವರಿಬ್ಬರ ಅನುಮಾನಕ್ಕೆ ನಾವು ನಿಶ್ಚಿಂತೆಯಿಂದ ನಗಬಹುದು. ಏಕೆಂದರೆ ಅವರ ಮದುವೆ ಆಗಿಹೋಗಿದೆ. ಮನೆ ಇದೆ, ಆಳು ಇದ್ದಾನೆ, ಊರಿನಲ್ಲಿ ಹೆಸರಿದೆ. ಎಷ್ಟೇ ಕಿರುಚಾಡಿದರೂ ಬೆಳಗಾದರೆ ಅದೇ ಹೊಸ್ತಿಲು. ರೇವತಿಯ ಪಾಡು ಹಾಗಲ್ಲ. ರೇವತಿ ನಾಯ್ಕೀಣರ ಮನೆಯಲ್ಲಿ ಹುಟ್ಟಿದವಳು. ಹಾಡು ಕುಣಿತ ಕಲಿತು, ಮದುವೆಯಿಲ್ಲದೆ ಒಬ್ಬ ಸಾಹುಕಾರನ ಆಸರೆಯಲ್ಲಿ ಬಾಳು ಕಳೆಯುವ ಮನೆತನದ ಮಗಳು. ಅವಳಿಗೆ ಬೇಕಾದದ್ದು ಮದುವೆ. ಅಶ್ವಿನಶೇಠನ ಮನಸ್ಸಿನಲ್ಲಿ ಒಂದು ಎಳೆ ಅನುಮಾನ ಬಂದರೆ ಸಾಕು, ಅದಕ್ಕೆ ಅವಳ ಹುಟ್ಟೇ ಸಾಕ್ಷಿ ಹೇಳಲು ಸಿದ್ಧವಾಗಿ ನಿಂತಿರುತ್ತದೆ. ತಸ್ಬೀರು ಬಿದ್ದದ್ದಷ್ಟೇ ಅವಳ ತಪ್ಪು. ಆದರೆ ಅವಳನ್ನು ನಂಬಬೇಡ ಎಂದು ಲೋಕ ಮೊದಲೇ ಹೇಳಿಟ್ಟಿದೆ. ಈ ಒಂದು ವ್ಯತ್ಯಾಸ ಮನಸ್ಸಿಗೆ ಹೊಕ್ಕ ಮೇಲೆ ನಾಟಕ ಬೇರೆಯೇ ಆಗಿ ಕಾಣುತ್ತದೆ.

ಗೋವಾದಲ್ಲಿ ನೋಡಿ ಎಂದದ್ದು ಇದಕ್ಕಾಗಿ. ಫೋಂಡಾ ಸುತ್ತಿನ ಅಂತ್ರುಜ್ ಮಹಾಲಿನ ದೇವಸ್ಥಾನಗಳಲ್ಲಿ ಕಲಾವಂತರು, ನಾಯ್ಕೀಣರು, ಭಾವಿಣರು ಎಂದು ಕರೆಸಿಕೊಳ್ಳುತ್ತಿದ್ದ ಹೆಣ್ಣುಮಕ್ಕಳು ತಲೆಮಾರುಗಳ ಕಾಲ ಹಾಡಿದರು, ಕುಣಿದರು, ದೀಪ ಹಿಡಿದರು. ಅವರ ಮನೆಗಳಲ್ಲಿ ‘ಶೇಂಸ್’ ಎಂಬ ಶಾಸ್ತ್ರವಿತ್ತು. ಹುಡುಗಿಗೆ ಮದುವೆಯಂತೆ ಒಂದು ವಿಧಿ. ವರನ ಜಾಗದಲ್ಲಿ ಗಂಡುವೇಷ ತೊಟ್ಟ ಇನ್ನೊಬ್ಬ ಹುಡುಗಿ. ಅಲ್ಲಿಗೆ ಅವಳು ದೇವರ ಸೊತ್ತು. ಮನುಷ್ಯನ ಜೊತೆ ಮದುವೆ ಮುಗಿದ ಮಾತು. ಅವಳ ಮಕ್ಕಳಿಗೆ ತಾಯಿಯ ಹೆಸರಿತ್ತು, ಊರಿನ ಹೆಸರಿತ್ತು. ತಂದೆ ಯಾರೆಂದು ಊರಿಗೆಲ್ಲ ಗೊತ್ತಿರುತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಇಲ್ಲಿ ಕೇಳದೆ ಉಳಿದ ಪ್ರಶ್ನೆ ತಸ್ಬೀರಿನದಲ್ಲ.

ಮಂಗೇಶಿಯಲ್ಲಿ 1900ರ ಡಿಸೆಂಬರಿನಲ್ಲಿ ಹುಟ್ಟಿದ ಒಬ್ಬ ಹುಡುಗನ ತಾಯಿ ಯೇಸುಬಾಯಿ ದೇವಸ್ಥಾನದ ಸೇವೆಯ ಮನೆತನದವರು, ತಂದೆ ಅದೇ ದೇವಸ್ಥಾನದ ಅರ್ಚಕ ಗಣೇಶ ಭಟ್ಟರು. ಹುಡುಗ ತನ್ನ ಹೆಸರಿಗೆ ಜೋಡಿಸಿಕೊಂಡದ್ದು ಊರ ದೇವರ ಹೆಸರನ್ನು. ದೀನಾನಾಥ ಮಂಗೇಶ್ಕರ್ ಕಿರ್ಲೋಸ್ಕರ್ ನಾಟಕ ಮಂಡಳಿ ಸೇರಿ, 1918ರಲ್ಲಿ ಜೊತೆಗಾರರೊಂದಿಗೆ ಬಲವಂತ ಸಂಗೀತ ಮಂಡಳಿ ಕಟ್ಟಿ, 41 ವರ್ಷಕ್ಕೇ ತೀರಿಕೊಂಡರು. ಲತಾ, ಆಶಾ, ಉಷಾ, ಮೀನಾ, ಹೃದಯನಾಥ ಅವರ ಮಕ್ಕಳು. ಪಣಜಿಯ ಕಲಾ ಅಕಾಡೆಮಿಯಲ್ಲಿ ಇಂದು ನಾಟಕ ನಡೆಯುವ ದೊಡ್ಡ ರಂಗಮಂದಿರಕ್ಕೆ ದೀನಾನಾಥರದೇ ಹೆಸರು. ಈಗ ಸಾಲಾವಲಿ ಜಲಾಶಯದ ನೀರಿನಡಿ ಮುಳುಗಿರುವ ಕುರ್ಡಿ ಎಂಬ ಊರಿನಿಂದ ಮೋಗೂಬಾಯಿ ಕುರ್ಡೀಕರ್ ಬಂದರು. ಹಿಂದೂಸ್ತಾನಿ ಗಾಯಕಿಯಾಗಿ ಲೋಕ ಅವರನ್ನು ಅರಿಯುವ ಮುಂಚೆ ಎಳೆವಯಸ್ಸಿನಲ್ಲಿ ನಾಟಕ ಮಂಡಳಿಗಳಲ್ಲಿ ಪಾತ್ರ ಮಾಡಿದವರು. ಮಗಳು ಕಿಶೋರಿ ಅಮೋಣಕರ್. ಕೇರಿ ಗ್ರಾಮದಿಂದ ಗಾಯಕಿ ಕೇಸರಬಾಯಿ ಕೇರ್ಕರ್. ಮುಳುಗಿದ ಕುರ್ಡಿಯೊಂದನ್ನು ಬಿಟ್ಟರೆ, ಇವರೆಲ್ಲರ ಹೆಸರಿನ ಕೊನೆಯಲ್ಲಿ ನಿಂತ ಊರುಗಳನ್ನು ಒಂದು ದಿನ ಕಾರಿನಲ್ಲಿ ಸುತ್ತಿ ಬರಬಹುದು. ಗೋವಾ ಅಷ್ಟು ಚಿಕ್ಕದು.

ಕಾಣಕೋಣ ತಾಲ್ಲೂಕಿನ ಪೈಂಗೀಣ ಕಾರವಾರದ ಗಡಿಗೆ ಕೂಗಳತೆಯ ಊರು. ಅಲ್ಲಿಯ ರಾಜಾರಾಮ ಪೈಂಗೀಣಕರ್ ಈ ಸಮುದಾಯದಲ್ಲೇ ಹುಟ್ಟಿ, ತಮ್ಮ ಜನರ ಹೆಣ್ಣುಮಕ್ಕಳಿಗೆ ಮದುವೆಯೂ ಗೌರವವೂ ಸಿಗಬೇಕೆಂದು ಬದುಕನ್ನೇ ಸವೆಸಿದರು. ಆ ಚಳವಳಿಯಿಂದ ಬೆಳೆದದ್ದು ಗೋಮಂತಕ ಮರಾಠಾ ಸಮಾಜ. ಅವರು ಬರೆದ ಆತ್ಮಕಥೆಯ ಹೆಸರು ‘ಮೀ ಕೋಣ?’, ಅಂದರೆ ನಾನು ಯಾರು? ಆ ಪುಸ್ತಕದ ಶೀರ್ಷಿಕೆ ನೆನಪಿಟ್ಟುಕೊಂಡು ರೇವತಿಯ ಪಾತ್ರ ನೋಡಿ. ಅವಳು ನಗೆನಾಟಕದ ನಾಯಕಿ ಮಾತ್ರವಾಗಿ ಉಳಿಯುವುದಿಲ್ಲ.

ಇನ್ನೊಬ್ಬಳ ಹೆಸರನ್ನೂ ಇಲ್ಲಿ ಹೇಳಲೇಬೇಕು. ಗಂಡಸರು ರೇವತಿಯಂಥವರ ಬಗ್ಗೆ ನಾಟಕ ಬರೆಯುತ್ತಿದ್ದ ಕಾಲದಲ್ಲೇ ಆ ಸಮುದಾಯದ ಹೀರಾಬಾಯಿ ಪೆಡಣೇಕರ್ ತಾನೇ ಲೇಖನಿ ಹಿಡಿದಳು. ಅವಳ ‘ಸಂಗೀತ ದಾಮಿನಿ’ಯನ್ನು 1912ರಲ್ಲಿ ಲಲಿತಕಲಾದರ್ಶ ಮಂಡಳಿ ಆಡಿತು. ಮರಾಠಿಯ ಮೊದಲ ನಾಟಕಕಾರ್ತಿ ಎಂಬ ಹೆಸರು ಅವಳದು. ದಶಕಗಳ ನಂತರ ವಸಂತ ಕಾನೇಟಕರ್ ಅವಳ ಬಾಳನ್ನೇ ಆಧರಿಸಿ ‘ಕಸ್ತೂರೀಮೃಗ’ ಎಂಬ ನಾಟಕ ಬರೆದರು. ‘ಸಂಶಯಕಲ್ಲೋಳ’ ಆಡುವವರು ವರ್ಷಕ್ಕೆ ಒಮ್ಮೆಯಾದರೂ ‘ದಾಮಿನಿ’ಯನ್ನು ಕೈಗೆತ್ತಿಕೊಂಡರೆ ಎಷ್ಟು ಚೆನ್ನಾಗಿರುತ್ತದೆ!

1916ರ ಮೊದಲ ಪ್ರಯೋಗದಲ್ಲಿ ರೇವತಿಯಾಗಿ ನಿಂತವರು ಬಾಲಗಂಧರ್ವ. ನಾರಾಯಣ ಶ್ರೀಪಾದ ರಾಜಹಂಸ ಅವರ ಹುಟ್ಟುಹೆಸರು. ಗಣಪತರಾವ್ ಬೋಡಸ್ ಫಾಲ್ಗುಣರಾವ್. ಆಗ ಬಾಲಗಂಧರ್ವರಿಗೆ 28. ಅವರು ಉಟ್ಟ ಸೀರೆಯ ನಿರಿಗೆ, ಮುಡಿದ ಹೂವಿನ ವಾಲು ನೋಡಿ ಮನೆವಂತರ ಹೆಣ್ಣುಮಕ್ಕಳು ಹಾಗೇ ಉಡಲು ಕಲಿತರೆಂದು ಹಿರಿಯರು ಹೇಳುತ್ತಿದ್ದರು. ನಿಜಜೀವನದ ರೇವತಿಯರಿಗೆ ಗಂಡುವೇಷದ ಹುಡುಗಿಯೊಂದಿಗೆ ಮದುವೆ. ರಂಗದ ರೇವತಿ ಹೆಣ್ಣುವೇಷದ ಗಂಡಸು, ಅವಳಿಗೆ ಮಾತ್ರ ನಿಜವಾದ ಅಂತರಪಟ, ಅಕ್ಷತೆ. ನಾಯ್ಕೀಣರ ಮನೆಯ ಹುಡುಗಿಗೆ ಸಂಸಾರ ಸಿಗಬೇಕೆಂದು ಜನ ರಾತ್ರಿಯಿಡೀ ಎದ್ದು ಹಾರೈಸಿದರು. ಬೆಳಿಗ್ಗೆ ಮನೆಗೆ ಹೋದ ಮೇಲೆ ಅದೇ ಹಾರೈಕೆ ನೆರೆಮನೆಯ ಹುಡುಗಿಯವರೆಗೆ ಮುಟ್ಟಲು ಬಹಳ ಕಾಲ ಹಿಡಿಯಿತು.

ಮುಂದೆ ಬಾಲಗಂಧರ್ವರಿಗೆ ವಯಸ್ಸಾಗಿ ಹೆಣ್ಣುಪಾತ್ರ ಒಪ್ಪದಾದಾಗ ಅವರ ಕಂಪನಿಗೆ ಬಂದು ನಾಯಕಿಯ ಪಾತ್ರಗಳಿಗೆ ನಿಂತವರು ನಮ್ಮ ಬೀಳಗಿಯ ಹೆಣ್ಣುಮಗಳು, ಗೋಹರಬಾಯಿ ಕರ್ನಾಟಕಿ. ಸಿನಿಮಾ ಹಾಡುಗಾರ್ತಿ ಅಮೀರಬಾಯಿ ಕರ್ನಾಟಕಿಯ ಸೋದರಿ. ಬಾಲಗಂಧರ್ವರ ಗಾಯನವನ್ನು ಹಾಡಿಯೇ ಮೈಗೂಡಿಸಿಕೊಂಡಿದ್ದ ಆಕೆ ಕೊನೆಗೆ ಅವರ ಬಾಳಸಂಗಾತಿಯೂ ಆದರು. ಆ ಸಂಬಂಧವನ್ನು ಊರು ಸುಲಭವಾಗಿ ಒಪ್ಪಲಿಲ್ಲ. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಇದನ್ನು ಚಾಪೆಯ ಗೆಳತಿಗೆ ಹೇಳಿದೆ. “ಬೀಳಗಿಯಾಕೀನ?” ಎಂದು ಎರಡು ಸಲ ಕೇಳಿದಳು. “ನಮ್ಮ ತವರಮನಿಗೆ ಅಲ್ಲಿಂದ ಬಸ್ಸಿನ್ಯಾಗ ಅರ್ಧಾ ತಾಸು” ಎಂದು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಗೋವಾದಲ್ಲಿ ಈ ನಾಟಕಗಳು ಉಳಿದಿರುವ ರೀತಿಯೇ ಬೇರೆ. ಇದಕ್ಕೆ ‘ಉತ್ಸವಿ ರಂಗಭೂಮಿ’ ಎನ್ನುತ್ತಾರೆ. ದೇವರ ಉತ್ಸವದ ಅಂಗವಾಗಿ ಊರವರೇ ಆಡುವ ನಾಟಕ. ಕಾರ್ತಿಕದಿಂದ ಶುರುವಾಗಿ ಶಿಗ್ಮೊ ದಾಟುವವರೆಗೆ ಯಾವುದಾದರೂ ಒಂದು ಅಂಗಳದಲ್ಲಿ ರಂಗ ಎದ್ದಿರುತ್ತದೆ. ಬ್ಯಾಂಕಿನವರು, ಮೇಷ್ಟರು, ಬಸ್ಸಿನ ಕಂಡಕ್ಟರು, ಅಡಿಕೆ ತೋಟದವರು. ತಿಂಗಳುಗಟ್ಟಲೆ ದೇವಸ್ಥಾನದ ಅಗ್ರಶಾಲೆಯಲ್ಲಿ ತಾಲೀಮು. ಹಾಡು ಬಾರದವರಿಗೆ ಇಲ್ಲಿ ನಾಯಕನ ಪಾತ್ರ ಇಲ್ಲ. ಜನರಿಗೆ ರಾಗ ಗೊತ್ತು, ಹಿಂದಿನ ವರ್ಷ ಪಕ್ಕದೂರಿನವರು ಹೇಗೆ ಹಾಡಿದರೆಂಬುದೂ ಗೊತ್ತು. ಒಂದು ಪದ ಚೆನ್ನಾಗಿ ಬಂದರೆ ‘ಒನ್ಸ್ ಮೋರ್’ ಎಂದು ಕೂಗಿ ಮತ್ತೆ ಹಾಡಿಸುತ್ತಾರೆ, ಕಥೆ ಅಲ್ಲಿಯವರೆಗೆ ಕಾಯಬೇಕು. ಮಾಪುಸಾದ ರಾಮದಾಸ ಕಾಮತ್, ಮಂಗೇಶಿಯ ಜಿತೇಂದ್ರ ಅಭಿಷೇಕಿ ಇಂಥ ನೆಲದಿಂದ ಬಂದವರು. 1964ರ ‘ಮತ್ಸ್ಯಗಂಧಾ’ದಲ್ಲಿ ಒಬ್ಬರು ಹಾಡಿ, ಇನ್ನೊಬ್ಬರು ರಾಗ ಹಾಕಿ ಸಂಗೀತ ನಾಟಕಕ್ಕೆ ಮತ್ತೊಮ್ಮೆ ಪ್ರಾಯ ತಂದರು.

ನಾಟಕದಲ್ಲಿ ಕೊರತೆ ಇಲ್ಲವೆಂದಲ್ಲ. ನಡುವಿನ ಎರಡು ಕಡೆ ಅನುಮಾನದ ಸುತ್ತು ಅತಿಯಾಗುತ್ತದೆ; ಗೊತ್ತಿರುವ ಗಂಟನ್ನೇ ಮತ್ತೆ ಮತ್ತೆ ಬಿಗಿಯುತ್ತಾರೆ. ರೇವತಿಯ ಹುಟ್ಟಿನ ನೋವನ್ನು ದೇವಲರು ನಗೆಯ ಅಂಚಿನಲ್ಲೇ ಬಿಟ್ಟರು, ನಡುಮನೆಗೆ ಕರೆತರಲಿಲ್ಲ. ಅಶ್ವಿನಶೇಠನನ್ನು ಅಷ್ಟು ಸುಲಭವಾಗಿ ಕ್ಷಮಿಸುವುದು ನನಗೆ ಪ್ರತಿ ಸಲವೂ ಕಷ್ಟವೇ. ಒಳ್ಳೆಯ ನಟಿಯೊಬ್ಬಳು ಕೊನೆಯ ದೃಶ್ಯದಲ್ಲಿ ಒಂದು ಗಳಿಗೆ ಸುಮ್ಮನೆ ನಿಂತು ಅವನನ್ನು ನೋಡಿ, ಆಮೇಲೆ ಕೈ ಹಿಡಿದದ್ದನ್ನು ಕಂಡಿದ್ದೇನೆ. ಆ ಮೌನ ಬರೆದದ್ದಲ್ಲ. ನೂರು ವರ್ಷದಿಂದ ಆಡುತ್ತ ಬಂದ ನಾಟಕಕ್ಕೆ ಆಡುವವರು ಇಂಥವನ್ನು ಕೂಡಿಸುತ್ತ ಹೋಗುತ್ತಾರೆ.

ನೀವು ನೋಡುವುದಾದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ. ಮರಾಠಿ ಪೂರ್ತಿ ತಿಳಿಯಬೇಕೆಂದಿಲ್ಲ. ಬೆಳಗಾವಿ, ಧಾರವಾಡ, ಕಾರವಾರದವರಿಗೆ ಮುಕ್ಕಾಲು ಪಾಲು ತಾನಾಗಿ ತಿಳಿಯುತ್ತದೆ, ಉಳಿದವರು ಕಥೆಯನ್ನು ಮೊದಲೇ ತಿಳಿದುಕೊಂಡರೆ ಸಾಕು. ತಸ್ಬೀರು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಕಣ್ಣಿಟ್ಟು ನೋಡಿ. ಆಳು ಭಾದವ್ಯಾನನ್ನು ಕಡೆಗಣಿಸಬೇಡಿ. ಹಾಡುಗಳಿಗೆ ಅವಸರಪಡಬೇಡಿ, ಅಲ್ಲಿ ಪಾತ್ರಗಳು ಮಾತಿನಲ್ಲಿ ಬಚ್ಚಿಟ್ಟದ್ದನ್ನು ಬಿಚ್ಚುತ್ತವೆ.

ನಮ್ಮ ರಂಗಕರ್ಮಿಗಳಲ್ಲಿ ಒಂದು ಕೋರಿಕೆಯೂ ಇದೆ. ದೇವಲರು ಹೋಗಿ ನೂರು ವರ್ಷ ದಾಟಿದೆ. ಹಕ್ಕಿನ ತೊಡಕಿಲ್ಲ, ಯಾರ ಅಪ್ಪಣೆಯೂ ಬೇಡ. ಇದನ್ನು ಧಾರವಾಡದ ಕನ್ನಡದಲ್ಲಿ ಆಡಬೇಕು. ನಕ್ಷತ್ರದ ಹೆಸರುಗಳನ್ನು ಬದಲಿಸಬೇಡಿ, ನಮ್ಮ ಪಂಚಾಂಗವೂ ಅದೇ. ಹಾಡುಗಳನ್ನು ಕತ್ತರಿಸಿ ಎಸೆಯಬೇಡಿ, ಹಿಂದೂಸ್ತಾನಿ ಹಾಡುವ ಎಳೆಯರಿಗೆ ನಮ್ಮಲ್ಲಿ ಬರವಿಲ್ಲ. ಕೃತ್ತಿಕೆಗೆ ಹುಬ್ಬಳ್ಳಿಯ ಹಳೆಯ ಓಣಿಯ ಬಾಯಿ ಕೊಡಿ. ಮುಖ್ಯವಾಗಿ, ರೇವತಿಯ ಮನೆಯನ್ನು ಮರೆಮಾಚಬೇಡಿ. ಸವದತ್ತಿ ಎಲ್ಲಮ್ಮನ ಗುಡ್ಡದ ನೆರಳಿನಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು ನಮ್ಮ ನಡುವೆಯೂ ಇದ್ದಾರೆ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿದ ಹುಡುಗಿಯರನ್ನು ಮಾಸ್ತರಿಕೆಯ ದಿನಗಳಲ್ಲಿ ನಾನೇ ಕಂಡಿದ್ದೇನೆ. ರೇವತಿ ಕನ್ನಡ ಮಾತಾಡಿದರೆ ಅವಳ ಗುರುತು ಹತ್ತುವುದು ನಮಗೆ ಕಷ್ಟವಲ್ಲ.

ಆ ರಾತ್ರಿ ನಾಟಕ ಮುಗಿದಾಗ ನಾಲ್ಕೂವರೆ. ಅರ್ಧ ಅಂಗಳ ಮಲಗಿತ್ತು. ಪೂರ್ತಿ ಎಚ್ಚರವಾಗಿದ್ದವಳು ಚಾಪೆಯ ಗೆಳತಿಯ ಮಗಳು. ಪಾತ್ರಧಾರಿಗಳಿಗೆ ಕೈಮುಗಿದು ಬರೋಣವೆಂದು ರಂಗದ ಹಿಂದಕ್ಕೆ ಹೋದಾಗ ಅವರಿಬ್ಬರೂ ಜೊತೆಗೆ ಬಂದರು. ಫಾಲ್ಗುಣರಾವ್ ಒಂದು ಕಡೆಯ ಮೀಸೆ ತೆಗೆದು, ಇನ್ನೊಂದು ಕಡೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದರು. ಪಕ್ಕದ ಟ್ರಂಕಿನ ಮೇಲೆ ತಸ್ಬೀರು. ರಾತ್ರಿಯೆಲ್ಲ ನಮಗೆ ಅದರ ಬೆನ್ನು ಮಾತ್ರ ಕಂಡಿತ್ತು. ಹುಡುಗಿ ಹತ್ತಿರ ಹೋಗಿ ಎರಡೂ ಕೈಯಲ್ಲಿ ಎತ್ತಿ ತಿರುಗಿಸಿದಳು. ಕಪ್ಪು ಬಿಳುಪಿನ ನಿಜವಾದ ಫೋಟೋ. ಪೇಟ ಕಟ್ಟಿದ, ಉದ್ದ ಕೋಟಿನ ಒಬ್ಬ ತರುಣ, ಹಿಂದೆ ಇದೇ ದೀಪಸ್ತಂಭ.

“ಇಂವಾ ಯಾರು?” ಎಂದಳು ಕನ್ನಡದಲ್ಲೇ.

ಅವರಿಗೆ ಕನ್ನಡ ಬಾರದು. ಆದರೂ ಪ್ರಶ್ನೆ ತಿಳಿಯಿತು. ಎಣ್ಣೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಫೋಟೋ ಇಸಿದುಕೊಂಡು, ಹುಡುಗಿಗೆ ಚೆನ್ನಾಗಿ ಕಾಣುವಂತೆ ಬಲ್ಬಿನ ಕೆಳಗೆ ಹಿಡಿದರು.

“ಮ್ಹಜೊ ಬಾಪುಯ್” ಎಂದರು. ನನ್ನಪ್ಪ. ಇದೇ ಅಂಗಳದಲ್ಲಿ ಅಶ್ವಿನಶೇಠ್ ಆಗುತ್ತಿದ್ದವರು.